ಏರುವ ಮೊದಲೇ ಏರಿದ ಪೈಪು

ಬೆಂಕಿ ಆರಿಸಿ ಬಂದು ಪೈಪು ಒಣಹಾಕುವುದರಲ್ಲಿ ನಮ್ಮ ಎಂಪೊವಾನೊ ಅಗ್ನಿಶಾಮಕ ಠಾಣೆಯನ್ನು ಮೀರಿಸುವವರು ಇಡೀ ಘಾನಾದಲ್ಲಿ ಇಲ್ಲ. ಘಾನಾ ಯಾಕೆ, ಸಮುದ್ರದ ಆಚೆ ದಡದಲ್ಲೂ ಇಲ್ಲ. ಬೇರೆ ಠಾಣೆಯವರು ಗಾಡಿಯಿಂದಿಳಿದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ನಮ್ಮ ಪೈಪುಗಳು ಮಿಂದು, ಠಾಣೆಯ ಒಣಹಾಕುವ ಗೋಪುರದ ತುದಿಗೇರಿ, ಒಣಗಿ, ಮುಂದಿನ ಬೆಂಕಿ ಎಲ್ಲಿದೆಯೆಂದು ತಾವೇ ಇಣುಕಿ ನೋಡುತ್ತಿದ್ದವು. ಅದಕ್ಕಾಗಿ ಜಿಲ್ಲೆಯವರು ಕೊಟ್ಟ ಶೀಲ್ಡು ನಮ್ಮ ಗೋಡೆಯ ಮೇಲೆ ಎಷ್ಟು ಕಾಲದಿಂದ ಇತ್ತೆಂದರೆ, ಅದರ ಹಿಂದೆ ಹಲ್ಲಿಗಳ ಮೂರು ತಲೆಮಾರು ಹುಟ್ಟಿ ಬೆಳೆದು ಮದುವೆಯಾಗಿದ್ದವು. ನಿವೃತ್ತನಾಗುವವರೆಗೆ ಆ ಠಾಣೆಯ ಗಾಡಿ ಓಡಿಸಿದವನು ನಾನು. ಈಗಲೂ ದಿನಾ ಹೋಗಿ ಗೇಟಿನ ಬಳಿ ಕೂರುತ್ತೇನೆ. ಆದ್ದರಿಂದ ಅಧಿಕಾರದಿಂದಲೇ ಹೇಳುತ್ತಿದ್ದೇನೆ.

ಆದರೆ ಹೇಳಹೊರಟಿದ್ದು ಅರಾಬಾಳ ಕಥೆ.

ಅರಾಬಾ ಆ ಗೇಟಿನ ಪಕ್ಕ ಡೊಕೊನು ಮಾರುತ್ತಾಳೆ. ಮೆಕ್ಕೆಜೋಳದ ಹುಳಿಹಿಟ್ಟನ್ನು ಒಣ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಮುದ್ದೆ, ಜೊತೆಗೆ ಕರಿದ ಮೀನು, ಮೆಣಸಿನಕಾಯಿ ಚಟ್ನಿ. ಆ ಚಟ್ನಿ ತಿಂದವನಿಗೆ ಆಮೇಲೆ ಬೆಂಕಿಯೇ ತಂಪು. ಅವಳ ನಾಲಿಗೆ ಚಟ್ನಿಗಿಂತ ಖಾರ. ಅವಳ ಅಮ್ಮನ ಮೀನು ಹೊಗೆಹಾಕುವ ಗುಡಿಸಲಿಗೆ ಬೆಂಕಿ ಬಿದ್ದಾಗ ನಮ್ಮ ಎಕೋ ಪೈಪಿನ ಮುಂತುದಿ ಹಿಡಿದು, ಒಂದು ವಾರದ ಮೀನನ್ನೆಲ್ಲ ಮತ್ತೆ ಸಮುದ್ರಕ್ಕೆ ಕಳಿಸಿದ್ದ. ಬೈಯಲೆಂದು ಠಾಣೆಗೆ ಬಂದ ಹುಡುಗಿ, ಬೈದು ಮುಗಿಸಲು ಒಂದು ದಿನ ಸಾಲದೆ ಅವನನ್ನು ಮದುವೆಯಾದಳು.

ಊಟದ ನಡುವೆ ಗಂಟೆ ಹೊಡೆದರೆ ನಾವು ತಿಂದಷ್ಟಕ್ಕೇ ಬಿಟ್ಟು ಓಡುತ್ತಿದ್ದೆವು. ಅವಳು ಪ್ರತಿ ತಟ್ಟೆಯ ಮೇಲೂ ಇನ್ನೊಂದು ತಟ್ಟೆ ಕವುಚಿಡುತ್ತಿದ್ದಳು. ಯಾವುದು ಯಾರದೆಂದು ಮುದ್ದೆ ಮುರಿದ ರೀತಿಯಿಂದಲೇ ಅವಳಿಗೆ ತಿಳಿಯುತ್ತಿತ್ತು.

ಇನ್ನು ನಮ್ಮ ವೇಗದ ಗುಟ್ಟು. ಪೈಪು ಗೋಪುರಕ್ಕೇರಿ, ಆಳುಗಳಿಗೆ ಆ ದಿನದ ಕೆಲಸದಿಂದ ಬಿಡುಗಡೆ ಕೊಟ್ಟ ಮೇಲೆ ಠಾಣಾಧಿಕಾರಿ ಜಿಲ್ಲಾ ಕಚೇರಿಗೆ ವೈರ್‌ಲೆಸ್ಸಿನಲ್ಲಿ ತಿಳಿಸಬೇಕು. ಶೀಲ್ಡು ಸಿಗುವುದು ಆ ಸಮಯ ನೋಡಿ. ನಮ್ಮ ಕ್ವಾಂಸಾ ಸಾಹೇಬರು ಗಾಡಿ ಇನ್ನೂ ಮೀನುಪೇಟೆಯ ತಿರುವಿನಲ್ಲಿರುವಾಗಲೇ "ಪೈಪು ಏರಿತು, ಆಳುಗಳು ಬಿಡುಗಡೆ" ಎಂದುಬಿಡುತ್ತಿದ್ದರು. ಪೈಪು ನಮ್ಮ ಕಾಲ ಕೆಳಗೆ ನೀರು ಸುರಿಸುತ್ತ ಬಿದ್ದಿರುತ್ತಿತ್ತು. ಅದನ್ನು ಸುಳ್ಳೆಂದು ಯಾರೂ ಭಾವಿಸಿರಲಿಲ್ಲ. ಹೇಗಿದ್ದರೂ ಇನ್ನೊಂದು ಗಳಿಗೆಯಲ್ಲಿ ಏರಿಸುತ್ತೇವಲ್ಲ.

ಆರು ವರ್ಷದ ಹಿಂದೆ ಸ್ಪಂಜಿನ ಹಾಸಿಗೆ ಅಂಗಡಿಗೆ ಬೆಂಕಿ ಬಿತ್ತು. ಹೊಗೆ ಎಷ್ಟು ಕಪ್ಪೆಂದರೆ, ಬೆಳಗ್ಗೆಯೇ ಕೋಳಿಗಳು ಗೂಡು ಸೇರಿ, ಮಧ್ಯಾಹ್ನ ಎದ್ದು ಎರಡನೆಯ ಸಲ ಕೂಗಿದವು. ಎಕೋ ಒಳಗೆ ಹೋಗಿ ಬಂದ. ಗಾಡಿಯಲ್ಲಿ ನನ್ನ ಹಿಂದೆಯೇ ಕೂತು ಕೆಮ್ಮುತ್ತಿದ್ದ. ಮೀನುಪೇಟೆಯ ತಿರುವಿನಲ್ಲಿ ಕ್ವಾಂಸಾ ವೈರ್‌ಲೆಸ್ ಎತ್ತಿಕೊಂಡರು. ಠಾಣೆಗೆ ಬಂದ ಮೇಲೆ ಒದ್ದೆ ಪೈಪನ್ನು ಹೆಗಲಿಗೇರಿಸಿ ಗೋಪುರದ ಕಡೆ ನಡೆದ ಎಕೋ ಅರ್ಧ ದಾರಿಯಲ್ಲಿ ಕುಸಿದು ಕೂತ. ಮತ್ತೆ ಏಳಲಿಲ್ಲ.

ಅರಾಬಾ ಗೇಟಿನಿಂದ ನೋಡಿದಳು. ಬಂದಳು. ಪೈಪನ್ನು ಅವನ ಹೆಗಲಿಂದ ತೆಗೆದು, ಸುರುಳಿ ಸುತ್ತಿ ಪಕ್ಕಕ್ಕಿಟ್ಟಳು. ಅಳಲಿಲ್ಲ. ಸಂಜೆ ಅವನ ತಟ್ಟೆಯ ಮೇಲಿನ ತಟ್ಟೆ ತೆಗೆದು, ಉಳಿದಿದ್ದ ಅರ್ಧ ಮುದ್ದೆಯನ್ನು ತಾನೇ ತಿಂದಳು. ಏನು ಮಾತಾಡಬೇಕೆಂದು ತೋಚದೆ ನಾನು, "ಹಳಸಿತ್ತೇನಮ್ಮ?" ಎಂದೆ.

"ಗೊತ್ತಾಗ್ಲಿಲ್ಲ ಮಾವ."

ಅಲ್ಲಿಂದೀಚೆಗೆ ಅವಳು ಯಾರನ್ನೂ ಬೈದಿಲ್ಲ. ಚಟ್ನಿಯಲ್ಲಿ ಒಂದು ದಿನ ಉಪ್ಪಿರುವುದಿಲ್ಲ, ಒಂದು ದಿನ ಎರಡು ಪಟ್ಟು ಇರುತ್ತದೆ. ನಾವು ತಿನ್ನುತ್ತೇವೆ.

ಕೆಲಸದ ಮೇಲೆ ಸತ್ತವನ ಹೆಂಡತಿಗೆ ಬದುಕಿರುವವರೆಗೆ ಕುಟುಂಬ ಪಿಂಚಣಿ. ಬಿಡುಗಡೆಯಾದ ಮೇಲೆ ಸತ್ತರೆ ಒಂದೇ ಸಲದ ಇಡುಗಂಟು, ಒಂದು ಬಾವುಟ. ಜಿಲ್ಲಾ ಕಚೇರಿಯ ಪ್ರಕಾರ ಎಕೋ ಬಿಡುಗಡೆಯಾಗಿದ್ದ. ಅವನ ಹೆಗಲ ಮೇಲಿದ್ದ ಪೈಪು ಆಗಲೇ ಗೋಪುರ ಏರಿ ನೇತಾಡುತ್ತಿತ್ತು. ಇಡುಗಂಟು ಅಂತ್ಯಕ್ರಿಯೆಯ ಕಪ್ಪು ಬಟ್ಟೆಗೆ, ಬಾಡಿಗೆ ಕುರ್ಚಿಗಳಿಗೆ, ಡೋಲಿನವರಿಗೆ ಸರಿಹೋಯಿತು. ನಮ್ಮಲ್ಲಿ ಬದುಕುವುದಕ್ಕಿಂತ ಸಾಯುವುದು ದುಬಾರಿ. ಬಾವುಟವನ್ನು ಅವಳು ಧೂಳು ಬೀಳದ ಹಾಗೆ ಹಿಟ್ಟಿನ ಪಾತ್ರೆಗೆ ಮುಚ್ಚಿದಳು.

ಈ ವರ್ಷ ಹೊಸ ಸುದ್ದಿ ಬಂತು. ಪಿಂಚಣಿ ನಿಯಮ ತಿದ್ದುತ್ತಾರಂತೆ. ಬೆಂಕಿ ಆರಿಸಿ ಬಂದು ಒಂದು ಹಗಲು ಒಂದು ರಾತ್ರಿಯೊಳಗೆ ಸತ್ತವನೂ ಕೆಲಸದ ಮೇಲೆ ಸತ್ತಂತೆಯೇ ಲೆಕ್ಕವಂತೆ. ಮುಚ್ಚಿಹೋದ ಹಳೆಯ ಕಡತಗಳನ್ನೂ ಈ ನಿಯಮದಲ್ಲೇ ಮತ್ತೆ ತೆರೆಯಬಹುದಂತೆ; ಆದರೆ ಅದಕ್ಕೆ ಅಂದಿನ ವರದಿ ತಪ್ಪೆಂದು ಆ ಠಾಣೆಯವರೇ ಒಪ್ಪಿಕೊಳ್ಳಬೇಕಂತೆ. ಕೇಳಿಕೊಂಡು ಹೋಗಲು ರಾಜಧಾನಿ ಅಕ್ರಾದಿಂದ ಒಬ್ಬ ಅಧಿಕಾರಿ ನಮ್ಮಲ್ಲಿಗೇ ಬರುವವರಿದ್ದರು.

"ತಪ್ಪು ಅಂದ್ಬಿಟ್ರೆ ಶೀಲ್ಡು ವಾಪಸ್ ಕೊಡ್ಬೇಕಾಗತ್ತೇನೋ?" ಎಂದ ಠಾಣೆಯಲ್ಲೊಬ್ಬ.

"ಕೊಟ್ರೆ ಆ ಹಲ್ಲಿಗಳ ಸಂಸಾರದ ಗತಿ ಏನೋ?" ಎಂದೆ ನಾನು.

ಕ್ವಾಂಸಾ ಎದ್ದು ಹೋದರು. ಅವರ ನಿವೃತ್ತಿ ಹತ್ತಿರವಿತ್ತು. ಅವರ ಪಿಂಚಣಿಯೂ ಅದೇ ಅಕ್ರಾ ಕಚೇರಿಯ ಕೈಯಲ್ಲಿತ್ತು.

ನಾನು ಅರಾಬಾಳಿಗೆ ಹೇಳಿಕೊಟ್ಟೆ. "ಅಧಿಕಾರಿ ಎದುರು ಸ್ವಲ್ಪ ಅಳಮ್ಮ. ನಾಲ್ಕು ಹನಿ ಸಾಕು, ಮಿಕ್ಕಿದ್ದನ್ನ ನಾನು ಹೊಳೆ ಮಾಡಿ ಹರಿಸ್ತೀನಿ."

"ಬರಲ್ಲ ಮಾವ. ಮೆಣಸಿನಕಾಯಿ ಅರೆಯೋವಾಗ್ಲೂ ಈಗ ಬರಲ್ಲ."

"ಹಾಗಾದ್ರೆ ಕ್ವಾಂಸಾನ್ನಾದ್ರೂ ಒಂದ್ಮಾತು ಕೇಳು. ದಿನಾ ನಿನ್ನ ಕೈಯಲ್ಲೇ ತಿಂತಾರೆ."

"ಕೇಳಿದ್ರೆ ಗಂಟಲಲ್ಲಿ ಸಿಕ್ಕೊಳ್ಳತ್ತೆ. ತಿನ್ಲಿ ಬಿಡು."

ಅಧಿಕಾರಿ ಬಂದರು. ಶೀಲ್ಡಿನ ಕೆಳಗೇ ಅವರಿಗೆ ಕುರ್ಚಿ ಹಾಕಿದ್ದೆವು. ಅರಾಬಾ ಬಾಗಿಲ ಬಳಿ ಕೂತು ಒಣ ಬಾಳೆಲೆಗಳನ್ನು ಒರೆಸಿ ಜೋಡಿಸುತ್ತಿದ್ದಳು.

"ಆ ದಿನದ ವರದಿ ಸರಿಯಾಗಿತ್ತಾ?" ಎಂದು ಅಧಿಕಾರಿ ಕೇಳಿದರು.

ಕ್ವಾಂಸಾ ಅರಾಬಾಳ ಕಡೆ ನೋಡಿದರು. ಅವಳು ಅವರನ್ನು ನೋಡಲಿಲ್ಲ. ಎಲೆ ಒರೆಸಿದಳು, ಇಟ್ಟಳು, ಇನ್ನೊಂದು ತೆಗೆದುಕೊಂಡಳು.

"ತಪ್ಪು ಸಾರ್," ಎಂದರು ಕ್ವಾಂಸಾ. "ಪೈಪು ಏರಿರ್ಲಿಲ್ಲ. ಆ ದಿನ ಅಂತಲ್ಲ, ನಾನು ಹೇಳಿದಾಗ ಯಾವತ್ತೂ ಏರಿರ್ಲಿಲ್ಲ. ಎಕೋನ ಹೆಗಲ ಮೇಲಿತ್ತು. ಅವನಿಗೆ ನಾನು ಬಿಡುಗಡೆ ಕೊಟ್ಟಿರ್ಲಿಲ್ಲ."

ಹೇಳಿ, ಬೆಂಚು ಹತ್ತಿ ಶೀಲ್ಡನ್ನು ಇಳಿಸಿ ಮೇಜಿನ ಮೇಲಿಟ್ಟರು. ಹಿಂದೆ ಹಲ್ಲಿ ಒಂದೂ ಇರಲಿಲ್ಲ. ಬಿಸಿಲು ಕಾಣದ ಒಂದು ತುಂಡು ಬಿಳಿ ಗೋಡೆ, ಅಷ್ಟೇ.

ಅಧಿಕಾರಿ ಬರೆದುಕೊಂಡು ಅರಾಬಾಳ ಕಡೆ ತಿರುಗಿದರು. ಒಳ್ಳೆಯ ಮನುಷ್ಯ, ಮೆತ್ತಗೆ ಹೇಳಿದರು. "ಅಮ್ಮಾ, ಇದು ಇನ್ನೂ ಕರಡು. ಸಮಿತಿ ಒಪ್ಪಬೇಕು, ಹಣಕಾಸಿನವರು ನೋಡಬೇಕು, ಸಂಸತ್ತಲ್ಲಿ ಪಾಸಾಗಬೇಕು. ನಿಮ್ಮ ಪಿಂಚಣಿ ಮಂಜೂರಾಯ್ತು ಅಂತ ನಾವು ಹೇಳೋಕೆ ಎಷ್ಟು ಕಾಲ ಹಿಡಿಯತ್ತೋ ಗೊತ್ತಿಲ್ಲ. ತಾಳ್ಮೆ ಇರ್ಲಿ."

ಅರಾಬಾ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು.

"ಹೇಳೋ ಕೆಲ್ಸ ನಮ್ಮ ಠಾಣೆಯವರಿಗೆ ಕೊಡಿ ಸಾಹೇಬ್ರೆ. ಆಗೋಕ್ ಮುಂಚೇನೇ ಆಯ್ತು ಅನ್ನೋದ್ರಲ್ಲಿ ಇವರನ್ನ ಮೀರಿಸೋರು ಇಡೀ ಘಾನಾದಲ್ಲೇ ಇಲ್ಲ."