ಫ್ಲೆಕ್ಸಿನ ಮೇಲೊಂದು ಜೀರುಂಡೆ

ಕೊಪ್ಪದ ಬಸ್ ನಿಲ್ದಾಣದಲ್ಲಿ ಇಳಿದು, ಯಾರದಾದರೂ ಮನೆಯನ್ನು ಅವರ ನಿಜನಾಮಧೇಯ ಹಿಡಿದು ವಿಚಾರಿಸುವ ಅಪರಿಚಿತನ ಪಾಡು ನನಗೆ ಯಾವಾಗಲೂ ಕರುಣಾಜನಕವಾಗಿ ಕಂಡಿದೆ. ಆತ ಕೈಯಲ್ಲಿ ಲಗ್ನಪತ್ರಿಕೆ ಹಿಡಿದು, ಅದರ ಮೇಲೆ ಬರೆದಂತೆ ಸ್ಪಷ್ಟವಾಗಿ, ಮಂಜುನಾಥ ಎನ್ನುವವರ ಮನೆ ಎಲ್ಲಿ ಎಂದು ಕೇಳುತ್ತಾನೆ. ಆಟೊ ಸ್ಟ್ಯಾಂಡಿನವರು ಪರಸ್ಪರ ಮುಖ ನೋಡಿಕೊಂಡು ಪ್ರತಿಪ್ರಶ್ನೆ ಹಾಕುತ್ತಾರೆ: “ಯಾವ ಮಂಜುನಾಥ ಮಾರಾಯ್ರೆ? ಚಕ್ಲಿ ಮಂಜುನಾಥನಾ, ಕರೆಂಟು ಮಂಜುನಾಥನಾ?” ಮೊದಲನೆಯವರು ಯಾವುದೋ ಮದುವೆಮನೆಯಲ್ಲಿ ಚಕ್ಕುಲಿಯ ಡಬ್ಬದ ಪಕ್ಕದಿಂದ ಏಳಲೊಪ್ಪದೆ ಆ ಬಿರುದನ್ನು ಸಂಪಾದಿಸಿದವರು, ಎರಡನೆಯವರು ಮುಟ್ಟಿದರೆ ಸಿಟ್ಟಾಗುವವರು. ಪಾಪ, ಬಂದವನಿಗೆ ಇದೆಲ್ಲ ಹೇಗೆ ತಿಳಿಯಬೇಕು? ನಮ್ಮ ಊರಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಲಗ್ನಪತ್ರಿಕೆಗೆ ಮತ್ತು ಮತದಾರರ ಪಟ್ಟಿಗೆ ಮಾತ್ರ. ಮಿಕ್ಕ ಲೋಕವ್ಯವಹಾರವೆಲ್ಲ ಅಡ್ಡಹೆಸರಿನಲ್ಲೇ ನಡೆಯುತ್ತದೆ.

ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೂ ಒಂದಿದೆ. ಪಾಠಕ್ಕೆ ಮೊದಲು ಕವಿಯ ಕಾಲ, ದೇಶ, ಆ ದೇಶದ ಹವಾಮಾನ, ಆ ಹವಾಮಾನದಲ್ಲಿ ನನಗೆ ಬಂದ ನೆಗಡಿ ಇವುಗಳನ್ನೆಲ್ಲ ವಿವರಿಸುವುದು ನನ್ನ ಕ್ರಮ. ಪದ್ಯದ ಮೊದಲ ಸಾಲಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಹಾಗಾಗಿ ನಾನು ‘ಪೀಠಿಕೆ ಮೇಷ್ಟ್ರು’. ನನ್ನ ಹೆಂಡತಿ ಸಿಟ್ಟು ಬಂದಾಗ ‘ಮೇಷ್ಟ್ರು’ ಎಂಬ ಗೌರವವನ್ನೂ ಕಳೆದು, ಬರೀ ಪೀಠಿಕೆ ಎನ್ನುತ್ತಾಳೆ. ಈ ಪ್ರಬಂಧದಲ್ಲಿಯೂ ನಿಮಗೆ ಆ ರೋಗದ ಲಕ್ಷಣಗಳು ಕಾಣಿಸಿದ್ದರೆ ದಯವಿಟ್ಟು ಸಹಿಸಿಕೊಳ್ಳಿ. ವಿಷಯ ಬಂತು, ಇಲ್ಲೇ ಬಾಗಿಲಲ್ಲಿದೆ.

ಈ ಸಮಸ್ತ ನಾಮಾವಳಿಯ ಕರ್ತೃ ಸದಾಶಿವಣ್ಣ. ಬಸ್ ನಿಲ್ದಾಣದ ಎದುರಿಗೆ ಅವರದೊಂದು ರೇಡಿಯೊ, ಟಿ.ವಿ. ರಿಪೇರಿಯ ಅಂಗಡಿ. ಹೊಟ್ಟೆ ಬಿಚ್ಚಿಟ್ಟ ಟಿ.ವಿ.ಗಳ ನಡುವೆ ಕೂತು, ಎದುರಿಗೆ ಓಡಾಡುವ ಜನರನ್ನು ನೋಡುತ್ತ, ಅವರು ಹೆಸರಿಡುತ್ತಿದ್ದರು. ಊರಿಗೆ ಹೊಸದಾಗಿ ಬಂದವನಿಗೆ ಅಡ್ಡಹೆಸರು ಬೀಳಲಿಲ್ಲವೆಂದರೆ ಊರು ಇನ್ನೂ ಅವನನ್ನು ತನ್ನವನೆಂದು ಒಪ್ಪಿಲ್ಲ ಎಂಬುದು ಅವರ ಸಿದ್ಧಾಂತ. ನಾನು ನರಸಿಂಹರಾಜಪುರದಿಂದ ವರ್ಗವಾಗಿ ಇಲ್ಲಿಗೆ ಬಂದು, ನನಗೆ ಹೆಸರು ಬಿದ್ದ ದಿನ ಬಡ್ತಿ ಸಿಕ್ಕಿದವನಂತೆ ಮನೆಗೆ ಓಡಿಹೋಗಿ ಹೇಳಿದ್ದುಂಟು. ಅವರ ಹೆಸರುಗಳಲ್ಲಿ ವಿಷವಿರಲಿಲ್ಲ. ಇದನ್ನು ನೀವು ನಂಬಬೇಕು, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಅವರ ಅಂಗಡಿಯ ಮಹಡಿಯಲ್ಲಿ ಶಾರದಕ್ಕನ ಹೊಲಿಗೆಯಂಗಡಿ. ಮನೆಯೂ ಅದರ ಹಿಂದೆಯೇ. ಗಂಡನಿಲ್ಲದ ಆಕೆ ಮೇಲೆ ಹೊಲಿಗೆಯಂತ್ರ ತುಳಿಯುತ್ತಿದ್ದರೆ, ಶಾಲೆ ಬಿಟ್ಟು ಬಂದ ಅವಳ ಪುಟ್ಟ ಮಗಳು ಕೆಳಗೆ ಸದಾಶಿವಣ್ಣನ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ರಿಪೇರಿಯಾದ ಯಾವುದಾದರೂ ರೇಡಿಯೊ ಗೊರಗೊರ ಎಂದು ಜೀವ ಪಡೆದು ಹಾಡಲು ತೊಡಗಿದರೆ ಇವಳೂ ಅದರ ಜೊತೆಗೆ ಶುರು. ರೇಡಿಯೊ ನಿಂತರೂ ಇವಳು ನಿಲ್ಲುತ್ತಿರಲಿಲ್ಲ. “ಸಂಜೆ ಆದ್ರೆ ಸಾಕು, ಶುರು ಹಚ್ಕೊಳ್ತು ನೋಡಿ ನಮ್ಮ ಜೀರುಂಡೆ!” ಎಂದು ಸದಾಶಿವಣ್ಣ ಹಿಗ್ಗುತ್ತಿದ್ದರು. ಒಂದು ಹಳೆಯ ಟೇಪ್ ರೆಕಾರ್ಡರನ್ನು ಸರಿಮಾಡಿ ಅವಳಿಗೆಂದೇ ಕೊಟ್ಟವರೂ ಅವರೇ. ಹೀಗೆ ಆ ಮಗು ಜೀರುಂಡೆಯಾಯಿತು. ಹಾಲಿನವನಿಗೆ ಜೀರುಂಡೆ, ಕಂಡಕ್ಟರಿಗೆ ಜೀರುಂಡೆ. ಕೊನೆಗೆ ಸ್ವತಃ ಶಾರದಕ್ಕನೂ ಮೆಟ್ಟಿಲ ಮೇಲೆ ನಿಂತು, “ಜೀರುಂಡೆ, ಊಟಕ್ಕೆ ಬಾ” ಎಂದು ಕೂಗುವಂತಾಯಿತು. ವಿನುತಾ ಎಂಬ ಹೆಸರು ಶಾಲೆಯ ಹಾಜರಿಯಲ್ಲಿ ಮಾತ್ರ ಉಳಿಯಿತು.

ಮಗು ದೊಡ್ಡದಾಗುತ್ತ ಹಾಡುವುದನ್ನು ನಿಲ್ಲಿಸಿತು. ಊರು ಇದಕ್ಕೆ ಕಾರಣಗಳನ್ನು ಧಾರಾಳವಾಗಿ ಒದಗಿಸಿತು: ವಯಸ್ಸು, ನಾಚಿಕೆ, ಪರೀಕ್ಷೆಯ ಒತ್ತಡ. ಅವಳು ಓದುತ್ತಿದ್ದುದು ಬೇರೆ ಶಾಲೆಯಲ್ಲಾದ್ದರಿಂದ ನನಗೂ ಹೆಚ್ಚು ತಿಳಿಯದು. ನರಸಿಂಹರಾಜಪುರದಲ್ಲಿ ನಡೆದ ಶಾಲೆಗಳ ಗಾಯನ ಸ್ಪರ್ಧೆಯಲ್ಲಿ ವೇದಿಕೆ ಹತ್ತಿ, ಬಾಯಿ ತೆರೆಯದೆ ಇಳಿದು ಬಂದಳೆಂದು ಸುದ್ದಿಯಾದಾಗ, ಪಾಪ, ಸಾಹಿತ್ಯ ಮರೆತಿರಬೇಕು ಎಂದು ನಾವೆಲ್ಲ ಒಮ್ಮತದ ನಿರ್ಣಯಕ್ಕೆ ಬಂದೆವು. ಆಮೇಲೆ ಅವಳು ಡಿಗ್ರಿ ಓದಲು ಶೃಂಗೇರಿಗೆ ಹೋದಳು, ಹಾಸ್ಟೆಲಿನಲ್ಲಿ ಉಳಿದಳು. ಅಲ್ಲಿದ್ದಾಗಲೇ ಟಿ.ವಿ.ಯ ಗಾಯನ ಸ್ಪರ್ಧೆಯೊಂದಕ್ಕೆ ಆಯ್ಕೆಯಾದಳೆಂಬ ವಾರ್ತೆ ಒಂದು ದಿನ ಬಂದಾಗ ಕೊಪ್ಪದ ಬಸ್ ನಿಲ್ದಾಣ ತಲೆಕೆಳಗಾಯಿತು.

ಎಸ್ಸೆಮ್ಮೆಸ್ಸಿನ ಮೂಲಕ ಗಾಯಕರ ಹಣೆಬರಹ ನಿರ್ಧಾರವಾಗುತ್ತಿದ್ದ ಕಾಲವದು. ಮೊಬೈಲನ್ನು ಕಿವಿಗೆ ಹಿಡಿಯುವುದಷ್ಟೇ ಗೊತ್ತಿದ್ದ ಹಿರಿಯರೂ ಕನ್ನಡಕವನ್ನು ಹಣೆಗೇರಿಸಿ ಗುಂಡಿ ಒತ್ತುವುದನ್ನು ಕಲಿತರು. ನಮ್ಮಲ್ಲಿ ಕರೆಂಟಿಗೂ ಸಂಜೆಗೂ ಮೊದಲಿನಿಂದ ಸರಿಯಿಲ್ಲ. ಆದ್ದರಿಂದ ಇನ್ವರ್ಟರ್ ಇದ್ದ ಸದಾಶಿವಣ್ಣ ದೊಡ್ಡದೊಂದು ಟಿ.ವಿ.ಯನ್ನು ರಸ್ತೆಗೆ ಮುಖ ಮಾಡಿ ಇಟ್ಟರು. ಬೆಂಚು ಬಂತು, ಕುರ್ಚಿ ಬಂತು, ಪಕ್ಕದ ಹೋಟೆಲಿನವರ ಬೋಂಡ ಬಂತು. ಅಷ್ಟಕ್ಕೇ ತೃಪ್ತರಾಗದ ಸದಾಶಿವಣ್ಣ, ತಾವೇ ಶಿವಮೊಗ್ಗಕ್ಕೆ ಹೋಗಿ ಫ್ಲೆಕ್ಸ್ ಮಾಡಿಸಿ ತಂದರು. ವಾಕ್ಯರಚನೆಗೆ ನನ್ನ ಸಲಹೆ ಕೇಳಿದ್ದರು; ನಾನು ಪೀಠಿಕೆ ಮುಗಿಸುವಷ್ಟರಲ್ಲಿ ಅವರ ಬಸ್ಸು ಹೊರಟುಹೋಗಿತ್ತು. ಅಂಗಡಿಯ ನೆತ್ತಿಯ ಮೇಲೆ ಏರಿದ ಆ ಫ್ಲೆಕ್ಸಿನಲ್ಲಿ ‘ನಮ್ಮೂರ ಜೀರುಂಡೆಗೆ ಜಯವಾಗಲಿ’ ಎಂದು ಕೆಂಪಕ್ಷರ. ಒಂದು ಬದಿಗೆ ವಿನುತಾಳ ಭಾವಚಿತ್ರ, ಇನ್ನೊಂದು ಬದಿಗೆ ರೆಕ್ಕೆ ಬಿಚ್ಚಿದ ಜೀರುಂಡೆ. ಜೀರುಂಡೆಯೇ ವಿನುತಾಳಿಗಿಂತ ದೊಡ್ಡದಾಗಿತ್ತು. ಅದರ ಕೆಳಗೆ ನಿಂತು ಸದಾಶಿವಣ್ಣ ಫೋಟೊ ತೆಗೆಸಿಕೊಂಡರು. ಅವಳು ಬಂದಾಗ ತೋರಿಸಬೇಕೆಂದು ಅವರ ಆಸೆ.

ಆ ವಾರದ ಕಂತಿನ ವಿಶೇಷವೆಂದರೆ, ಸ್ಪರ್ಧಿಗಳು ಹಾಡುವ ಮೊದಲು ಯಾರಿಗೂ ಹೇಳದ ತಮ್ಮ ನೋವೊಂದನ್ನು ಹೇಳಿಕೊಳ್ಳಬೇಕಿತ್ತು. ನನಗೆ ಇಂಥವುಗಳಲ್ಲಿ ಶ್ರದ್ಧೆ ಕಡಿಮೆ. ಕಣ್ಣೀರಿಗೂ ಪ್ರಾಯೋಜಕರು ಸಿಗುತ್ತಿದ್ದ ದಿನಗಳು. ಒಂದು ಹನಿ ಉದುರಿದರೆ ಅದನ್ನೇ ಮೂರು ಕಡೆಯಿಂದ ತೋರಿಸಿ, ಹಿಂದೆ ಪಿಟೀಲು ಕೊಯ್ದು, ಸಾಬೂನಿನ ಜಾಹೀರಾತಿಗೆ ಹೋಗುತ್ತಿದ್ದರು. ಮೈ ದಪ್ಪವೆಂದು ಗೆಳೆಯರ ಗೇಲಿಗೆ ಗುರಿಯಾದ ತರುಣನೊಬ್ಬ ಅಳುತ್ತಿದ್ದಾಗ ನಾನು, “ಶೋಕವೂ ಮಾರಾಟದ ಸರಕಾಯಿತು” ಎಂದು ಘನವಾದದ್ದೇನನ್ನೋ ಹೇಳಲು ಹೊರಟೆ. ಹೆಂಡತಿ, “ಸ್ವಲ್ಪ ಸುಮ್ನಿರಿ, ನಮ್ಮ ಹುಡುಗಿ ಬಂತು” ಎಂದಳು.

ವಿನುತಾ ನೀಲಿ ಲಂಗದಾವಣಿಯಲ್ಲಿ ನಿಂತಿದ್ದಳು. “ಊರಲ್ಲಿ ನನ್ನನ್ನ ಜೀರುಂಡೆ ಅಂತ ಕರೀತಾರೆ ಸರ್” ಎಂದಳು.

ಬೀದಿಗೆ ಬೀದಿಯೇ ಕೇಕೆ ಹಾಕಿತು. ಸಿಳ್ಳೆಗಳು ಹಾರಿದವು. ನಮ್ಮೂರಿನ ಹೆಸರು ನಾಡಿಗೆಲ್ಲ ಕೇಳಿತಲ್ಲ! ಸದಾಶಿವಣ್ಣ ಎದ್ದು ನಿಂತು, ಹೆಸರಿಟ್ಟವನು ನಾನೇ ಎಂಬಂತೆ ಎದೆಯ ಮೇಲೆ ಕೈಯಿಟ್ಟುಕೊಂಡರು. ಟಿ.ವಿ.ಯ ನಿರೂಪಕನೂ ನಕ್ಕು, ಎಷ್ಟು ಮುದ್ದಾದ ಹೆಸರು ಎಂದ. ನಗದೆ ಇದ್ದವಳು ವಿನುತಾ ಒಬ್ಬಳೇ.

“ಊರೋರು ಪ್ರೀತಿಯಿಂದ್ಲೇ ಕರ್ಯೋದು ಸರ್. ಆದ್ರೆ ಶಾಲೇಲಿ ನಾನು ಎದ್ದು ನಿಂತ್ರೆ ಸಾಕು, ಹಿಂದಿನ ಬೆಂಚಿಂದ ಜೀ… ಅಂತ ಶುರು ಮಾಡೋರು. ಉತ್ತರ ಹೇಳೋಕೆ ಬಾಯಿ ತೆಗೆದ್ರೂ ಜೀ, ಊಟದ ಡಬ್ಬಿ ತೆಗೆದ್ರೂ ಜೀ. ಒಂದ್ಸಲ ಸ್ಪರ್ಧೆಗೆ ಅಂತ ಸ್ಟೇಜ್ ಹತ್ತಿದ್ದೆ. ನಮ್ಮ ಶಾಲೆಯವ್ರು ಹಿಂದೆ ಕೂತು ಶುರು ಮಾಡಿದ್ರು, ಬೇರೆಯವ್ರೂ ಸೇರ್ಕೊಂಡ್ರು. ಇಡೀ ಹಾಲ್ ಜೀ ಅಂತಿತ್ತು. ಹಾಡದೇ ಇಳಿದೆ. ಆಮೇಲೆ ಹಾಡ್ಲೇ ಇಲ್ಲ. ಶೃಂಗೇರಿಗೆ ಹೋದ್ಮೇಲೆ, ಅಲ್ಲಿ ಯಾರಿಗೂ ನನ್ನ ಆ ಹೆಸರು ಗೊತ್ತಿರ್ಲಿಲ್ಲ ನೋಡಿ, ಅಲ್ಲಿ ಮತ್ತೆ ಹಾಡಿದೆ.”

ತೀರ್ಪುಗಾರರಲ್ಲಿ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: “ಮನೆಯಲ್ಲಿ ಹೇಳಲಿಲ್ಲವೇನಮ್ಮಾ?”

“ಹೇಗೆ ಹೇಳೋದು ಸರ್? ಮನೆಗೆ ಬಂದ್ರೆ ಅಮ್ಮನೂ ಅದೇ ಹೆಸರಿಂದ ಕರೀತಿದ್ರು. ಆ ಹೆಸರಿಟ್ಟ ಮಾಮನಿಗೆ ನಾನು ಅಂದ್ರೆ ಪ್ರಾಣ. ಅವ್ರಿಗೆ ಬೇಜಾರಾಗ್ತದೆ ಅಂತ ಸುಮ್ನಿದ್ದೆ.”

ಅವಳು ಅಳಲಿಲ್ಲ. ಕ್ಯಾಮೆರಾ ಅವಳ ಕಣ್ಣಿನ ಹತ್ತಿರ ಹೋಗಿ, ಕಾದು, ಬರಿಗೈಯಲ್ಲಿ ಹಿಂದಿರುಗಿತು. ಆಮೇಲೆ ಅವಳು ಹಾಡಿದಳು, ಚೆನ್ನಾಗಿಯೇ ಹಾಡಿರಬೇಕು. ನಮ್ಮ ಬೀದಿಯಲ್ಲಿ ಯಾರೂ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಎಲ್ಲರ ತಲೆಯ ಮೇಲೆ ಆ ಫ್ಲೆಕ್ಸು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು, ಮತ್ತು ಎಲ್ಲರೂ ಅದನ್ನು ನೋಡದೆ ಇರಲು ಪ್ರಯತ್ನಿಸುತ್ತಿದ್ದರು. ಶಾರದಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು, “ನಾನೂ ಹಾಗೇ ಕರೆದ್ನಲ್ಲ, ನಾನೂ ಕರೆದ್ನಲ್ಲ” ಎನ್ನುತ್ತಿದ್ದಳು. ನನ್ನ ಹೆಂಡತಿ ಅವಳನ್ನು ತಬ್ಬಿ ಮಹಡಿಗೆ ಕರೆದೊಯ್ದಳು.

ಸದಾಶಿವಣ್ಣ ಒಳಗಿನಿಂದ ಏಣಿ ತಂದರು. ಜೇಬಿನಲ್ಲಿದ್ದ ಕಟಿಂಗ್ ಪ್ಲೇಯರಿನಿಂದ ಒಂದೊಂದೇ ಕಟ್ಟನ್ನು ಕತ್ತರಿಸಿದರು. ಕರೆಂಟು ಮಂಜುನಾಥರು ಏಣಿ ಹಿಡಿದುಕೊಂಡರು. ಫ್ಲೆಕ್ಸನ್ನು ಸುತ್ತಿ ಮೂಲೆಗಿಟ್ಟು, ಕೆಳಗೆ ಕೂತು, “ಇಷ್ಟು ಸಣ್ಣ ಕೂಸು, ನನ್ನ ಮನಸ್ಸು ನೋಯ್ಬಾರ್ದು ಅಂತ ಇಷ್ಟು ವರ್ಷ ನುಂಗ್ಕೊಂಡಿದೆಯಲ್ಲ ಮೇಷ್ಟ್ರೆ” ಎಂದರು. ಅವರು ನನ್ನನ್ನು ಬರೀ ಮೇಷ್ಟ್ರೆ ಎಂದದ್ದು ಅದೇ ಮೊದಲು. ನನಗೆ ಯಾಕೋ ಚಳಿಯಾಯಿತು.

ಅಂದಿನಿಂದ ಅವರು ವ್ರತಧಾರಿಯಾದರು. ಯಾರನ್ನೂ ಅಡ್ಡಹೆಸರಿನಿಂದ ಕರೆಯುವುದಿಲ್ಲ. ಬರೀ ಮಂಜುನಾಥ ಎಂದು ಕೂಗಿದರೆ ಬೀದಿಯಲ್ಲಿದ್ದ ಮಂಜುನಾಥರೆಲ್ಲ ತಿರುಗಿ, ಆಮೇಲೆ ಕರೆದದ್ದು ತಮ್ಮನ್ನಲ್ಲವೆಂದುಕೊಂಡು ಎಲ್ಲರೂ ಹೋಗಿಬಿಡುತ್ತಿದ್ದರು. ಚಕ್ಲಿ ಮಂಜುನಾಥರಂತೂ ಕಳವಳಗೊಂಡು ನನ್ನ ಬಳಿ ಬಂದು, “ಎಂತ ಮೇಷ್ಟ್ರೆ, ಸದಾಶಿವಣ್ಣಂಗೆ ನನ್ನ ಮೇಲೆ ಸಿಟ್ಟಾ? ಚಕ್ಲಿ ಅನ್ನೋದೇ ಬಿಟ್ಟಿದಾರೆ” ಎಂದು ದುಃಖಿಸಿದರು. ನನ್ನ ಪೀಠಿಕೆಯೂ ಕಳೆದುಹೋಗಿತ್ತು; ತಲೆಯ ಮೇಲಿನ ಟೋಪಿ ಹಾರಿಹೋದಂತೆ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅಂದರೆ ಹೆಸರುಗಳೆಲ್ಲ ಕೆಟ್ಟವಲ್ಲ. ನನಗೆ ಬೆಚ್ಚಗಿದ್ದದ್ದೇ ಆ ಹುಡುಗಿಗೆ ಚುಚ್ಚುತ್ತಿತ್ತು, ಮತ್ತು ಚುಚ್ಚುತ್ತಿದೆಯೋ ಇಲ್ಲವೋ ಎಂಬುದು ಹೊತ್ತವರಿಗಲ್ಲದೆ ಇಟ್ಟವರಿಗೆ ತಿಳಿಯುವ ಉಪಾಯವಿಲ್ಲ. ಕೇಳಿದರೆ ತಿಳಿಯುತ್ತಿತ್ತೇನೋ. ಆದರೆ ಪ್ರೀತಿಸುವವರು ಕೇಳುವ ಗೋಜಿಗೆ ಹೋಗುವುದಿಲ್ಲ, ತಮಗೆಲ್ಲ ಗೊತ್ತಿದೆಯೆಂಬ ನೆಮ್ಮದಿಯಲ್ಲಿರುತ್ತಾರೆ. ದ್ವೇಷದಿಂದ ನೋಯಿಸಿದವರ ಮೇಲೆ ದೂರು ಕೊಡಬಹುದು, ಜಗಳವಾಡಬಹುದು. ಅಕ್ಕರೆಯಿಂದ ನೋಯಿಸಿದವರ ವಿಷಯವನ್ನು ಯಾರ ಹತ್ತಿರ ಹೇಳುವುದು? ಆ ಮಗು ಅದನ್ನು ಒಬ್ಬಳೇ ಶಾಲೆಯಿಂದ ಮನೆಗೆ, ಮನೆಯಿಂದ ಶಾಲೆಗೆ ಹೊತ್ತು ತಿರುಗಿತ್ತು.

ಕೆಲವು ವಾರಗಳ ಬಳಿಕ ಅವಳು ಸ್ಪರ್ಧೆಯಿಂದ ಹೊರಬಿದ್ದಳು. ಊರಿಗೆ ಬರುತ್ತಾಳೆಂದು ತಿಳಿದಾಗ ಸದಾಶಿವಣ್ಣನ ಮುಖ ಸಣ್ಣದಾಯಿತು. “ಸೋತಿದ್ದು ದೊಡ್ಡದಲ್ಲ. ಕೂಸು ಇನ್ನು ನನ್ನ ಅಂಗಡಿ ಮೆಟ್ಲು ಹತ್ತುತ್ತದಾ ಇಲ್ವಾ, ಅದು ಹೇಳಿ” ಎಂದು ನನ್ನನ್ನು ಕೇಳಿದರು. ನಾನು ಪೀಠಿಕೆಯಿಲ್ಲದೆ ಉತ್ತರಿಸಲು ಬಾರದವನು. ಅವಳು ಬರುವ ದಿನ, ಕೆಡದ ರೇಡಿಯೊ ಒಂದನ್ನು ರಿಪೇರಿಗೆಂದು ಹಿಡಿದುಕೊಂಡು ಹೋಗಿ ಅಂಗಡಿಯಲ್ಲಿ ಕೂತೆ. ಸದಾಶಿವಣ್ಣ ಯಾವುದೋ ಟಿ.ವಿ.ಯೊಳಗೆ ತಲೆ ತೂರಿಸಿಕೊಂಡಿದ್ದರು.

ಬ್ಯಾಗನ್ನು ಅಮ್ಮನ ಕೈಗೆ ಕೊಟ್ಟು ವಿನುತಾ ನೇರವಾಗಿ ಅಂಗಡಿಗೇ ಬಂದಳು. ಸದಾಶಿವಣ್ಣ ಗಡಬಡಿಸಿ ಎದ್ದು, ಕೈಯನ್ನು ಪಂಚೆಗೆ ಒರೆಸಿಕೊಂಡು, “ಬನ್ನಿ” ಎಂದರು. “ಕೂತ್ಕೊಳ್ಳಿ.”

ಹುಡುಗಿಯ ಕಣ್ಣಲ್ಲಿ, ಟಿ.ವಿ.ಯವರಿಗೆ ಸಿಗದ ನೀರು ಆಗ ಬಂತು. “ಎಂತ ಮಾಮ, ನಂಗೆ ಬನ್ನಿ ಅಂತೀರಾ? ನಾನೇನು ಗಿರಾಕಿಯಾ?”

“ಮತ್ತೆಂತ ಕರೀಲಿ ಕೂಸೆ? ಅದು ಬಿಟ್ರೆ ನಂಗೆ ಬಾಯಿಗೆ ಎಂತದೂ ಬರೋದಿಲ್ಲ.”

“ಅದು ಬೇಡ. ವಿನುತಾ ಅನ್ನಿ. ಚೆನ್ನಾಗೇ ಇದೆ ಆ ಹೆಸ್ರು. ಯಾರೂ ಬಳಸ್ಲೇ ಇಲ್ಲ, ಇನ್ನೂ ಹೊಸದಾಗೇ ಇದೆ.”

ಸದಾಶಿವಣ್ಣ ಬಾಯಿ ತೆರೆದರು. ಊರಿಗೆಲ್ಲ ಹೆಸರಿಟ್ಟ ಆ ನಾಲಿಗೆ, ಮೂರಕ್ಷರದ ಹೆಸರಿನೆದುರು ತೊಡರಿಕೊಂಡು ನಿಂತಿತು. ಮತ್ತೆ ಪ್ರಯತ್ನಿಸಿದರು, ಆಗಲಿಲ್ಲ. ಕೊನೆಗೆ ತಲೆ ತಗ್ಗಿಸಿ, “ನಾಳೆ ಹೇಳ್ತೀನಿ, ಆಗ್ದಾ?” ಎಂದರು. ಆಗಲಿ ಎಂದು ಅವಳು ಹಳೆಯ ಸ್ಟೂಲನ್ನು ಎಳೆದುಕೊಂಡು ಕೂತು ನನ್ನ ರೇಡಿಯೊದಲ್ಲಿ ಎಂತ ಕೆಟ್ಟಿದೆಯೆಂದು ವಿಚಾರಿಸತೊಡಗಿದಳು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೋಗಲು ಬಸ್ ನಿಲ್ದಾಣದ ಬಳಿ ಬಂದಾಗ, ವಿನುತಾ ಹಾಲಿನ ಪ್ಯಾಕೆಟ್ ಹಿಡಿದು ರಸ್ತೆ ದಾಟುತ್ತಿದ್ದಳು. ಅಂಗಡಿಯ ಒಳಗಿನಿಂದ ಒಮ್ಮೆಲೇ ಕೂಗು ಕೇಳಿಸಿತು.

“ವಿನುತಾ!”

ಎಷ್ಟು ಜೋರೆಂದರೆ ಸೀಟಿ ಊದಲು ಹೊರಟ ಕಂಡಕ್ಟರ್ ಸೀಟಿಯನ್ನು ಬಾಯಿಂದ ತೆಗೆದ. ವಿನುತಾ ಅಂಗಡಿಯ ಹತ್ತಿರ ಹೋಗಿ, “ಎಂತ ಮಾಮ?” ಎಂದಳು.

“ಎಂತ ಇಲ್ಲ” ಎಂದರು ಸದಾಶಿವಣ್ಣ, ಬೆವರು ಒರೆಸಿಕೊಳ್ಳುತ್ತ. “ಕರ್ದೆ, ಅಷ್ಟೆ.”

ಅವಳು ನಕ್ಕು ಹೊರಟಳು. ಮಹಡಿಯ ಮೆಟ್ಟಿಲು ಹತ್ತುವ ಮೊದಲು ನಿಂತು ಹಿಂತಿರುಗಿದಳು.

“ಇನ್ನೊಂದ್ಸಲ ಕರೀರಿ” ಎಂದಳು.