ಊಟದ ನಂತರದ ಭಾಷಣ

ಸನ್ಮಾನ ಎಂಬ ಶಬ್ದ ಕಿವಿಗೆ ಬಿದ್ದರೆ ಈಗಲೂ ನನ್ನ ಮೈ ಉರಿಯುತ್ತದೆ. ರೋಣದ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಹಳ್ಳಿಯ ಹೆಣ್ಣುಮಕ್ಕಳಿಗೆ ನಾಯಕತ್ವದ ತರಬೇತಿ ಕೊಡುತ್ತೇನೆ. ಸಭೆಯಲ್ಲಿ ಎದ್ದು ನಿಲ್ಲುವುದು, ಅಳುಕದೆ ಮಾತಾಡುವುದು, ಅಧಿಕಾರಿಯ ಮುಂದೆ ಬೇಡಿಕೆ ಇಡುವುದು, ಇಷ್ಟೇ. ಕಲಿಯುವವರಿಗೆ ಇದೇನೂ ಕಷ್ಟವಲ್ಲ. ಕಷ್ಟವೆಲ್ಲ ಇರುವುದು ವೇದಿಕೆಯ ಮೇಲೆ ಕೂರುವವರಿಂದ.

ಈ ಬೇಸಿಗೆಯ ತಂಡದಲ್ಲಿ ಸವಡಿ, ಚಿಕ್ಕನರಗುಂದದ ಕಡೆಯವರೆಲ್ಲ ಇದ್ದರು. ಒಬ್ಬಳು ಮಲಪ್ರಭೆಯ ದಂಡೆಯವಳು. ಊರಿನ ಹೆಸರು ಬೇಡ. ಕೂಲಿ ಮಾಡಿ ಬದುಕುವ ಹೆಂಗಸು. ಹೊಳೆ ಏರಿದಾಗ ಜನ ಹೋಗಿ ಇರಲೆಂದು ಅವರ ಊರಿನ ದಿಬ್ಬದ ಮೇಲೆ ಒಂದು ಭವನ ಕಟ್ಟಿದ್ದಾರೆ. ಅದಕ್ಕೆ ಸದಾ ಕೀಲಿ. ಕೀಲಿಕೈ ಇರುವುದು ರೋಣದಲ್ಲಿ ಮನೆ ಮಾಡಿರುವ ಒಬ್ಬರ ಹತ್ತಿರ. ಹಿಂದಿನ ಸಲ ನೀರು ಬಂದಾಗ ಅವಳು ಬಾಣಂತಿ ಮಗಳನ್ನೂ ಹಸಿಗೂಸನ್ನೂ ಕರೆದುಕೊಂಡು ಆ ಮುಚ್ಚಿದ ಬಾಗಿಲ ಮುಂದೆ ಮಳೆಯಲ್ಲಿ ನಿಂತಿದ್ದಳು. ಕೂಸು ದವಾಖಾನೆ ಸೇರಿ ಹೇಗೋ ಉಳಿಯಿತು. ಮಳೆಗಾಲ ಮುಗಿಯುವ ತನಕ ಕೀಲಿಕೈ ಊರಲ್ಲೇ ಇರಲಿ ಎಂಬುದೊಂದೇ ಅವಳ ಬೇಡಿಕೆ.

ತರಬೇತಿಯ ಸಮಾರೋಪಕ್ಕೆ ಮೇಲಿನ ಅಧಿಕಾರಿಯೊಬ್ಬರು ಬರಲು ಒಪ್ಪಿದರು. ಅವರ ಎದುರು ಇವಳೇ ಮಾತಾಡಬೇಕು ಎಂದು ನಾನು ಹಟ ಹಿಡಿದೆ. ಅಭ್ಯಾಸದಲ್ಲಿ ಬೆವರುತ್ತ, ತೊದಲುತ್ತ ಶುರು ಮಾಡಿದವಳು ಕೊನೆಕೊನೆಗೆ ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ, ಕೇಳುತ್ತ ಕೂತವರೆಲ್ಲ ಗಪ್ಪಾಗುತ್ತಿದ್ದರು.

ಕಾರ್ಯಕ್ರಮದ ದಿನ ನಮ್ಮ ಅಧ್ಯಕ್ಷರು ಬೆಳಿಗ್ಗೆಯೇ ಶಾಲುಗಳ ದೊಡ್ಡ ಗಂಟಿನೊಂದಿಗೆ ಬಂದಿಳಿದರು. ಪೇಟೆಯ ಹಿರಿಯ ಕಾಳಿನ ವ್ಯಾಪಾರಿ, ಯಾರ ಮನಸ್ಸನ್ನೂ ನೋಯಿಸಲಾರದ ಮನುಷ್ಯ. ಅವರ ಒಳ್ಳೆಯತನವೇ ನನಗೆ ದೊಡ್ಡ ತಲೆನೋವು.

"ಇಷ್ಟು ಮಂದಿಗೆ ಯಾಕ್ರಿ ಸನ್ಮಾನ?" ಎಂದೆ.

"ಒಬ್ಬರಿಗೆ ಮಾಡಿ ಒಬ್ಬರನ್ನ ಬಿಟ್ರ ಬ್ಯಾಸರ ಮಾಡ್ಕೋತಾರ್ರಿ ಮೇಡಂ. ನಾಳೆ ಅವರ ಮಾರಿ ನಾ ನೋಡಬೇಕು."

ವೇದಿಕೆಗೆ ಕುರ್ಚಿ ಸಾಲಲಿಲ್ಲ. ಹೆಣ್ಣುಮಕ್ಕಳನ್ನು ಎಬ್ಬಿಸಿ ಅವರ ಕುರ್ಚಿಗಳನ್ನೇ ಮೇಲೆ ಸಾಗಿಸಿದರು. ಯಾರ ಸಲುವಾಗಿ ಕಾರ್ಯಕ್ರಮವೋ ಅವರೆಲ್ಲ ಜಮಖಾನೆಯ ಮೇಲೆ ಕೂತರು. ಸ್ವಾಗತ ಮುಗಿಯುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಅಧಿಕಾರಿ ಸಾಹೇಬರಿಗೆ ಶಾಲು ಹೊದಿಸಲು ಯಾರಾದರೂ ಹೆಣ್ಣುಮಗಳು ಬೇಕೆಂದಾಗ ನಾನು ಹೊಳೆದಂಡೆಯವಳತ್ತ ಕೈ ತೋರಿಸಿದೆ. ಅಧ್ಯಕ್ಷರು ಅವಳ ಮಾಸಿದ ಸೀರೆ ನೋಡಿ ಮೆಲ್ಲಗೆ, "ಚಲೋ ಸೀರಿ ಉಟ್ಟಾಕಿನ್ನ ಕಳಸ್ರಿ, ಫೋಟೋ ಐತಿ" ಎಂದರು. ಬೇರೆಯವಳು ಹೋದಳು.

ಆಮೇಲೆ ಸಾಹೇಬರು ಮಹಿಳೆಯರು ಧೈರ್ಯದಿಂದ ಮುಂದೆ ಬಂದು ಮಾತಾಡಬೇಕೆಂದು ಬಹಳ ಹೊತ್ತು ತಾವೇ ಮಾತಾಡಿದರು. ನಾನು ವೇದಿಕೆಯ ಅಂಚಿಗೆ ಹೋಗಿ ಅಧ್ಯಕ್ಷರನ್ನು ಕರೆದೆ.

"ನಮ್ಮಾಕಿ ಮಾತಾಡೋದು ಐತ್ರಿ. ಸಾಹೇಬ್ರು ಇದ್ದಾಗಽ ಆಗ್ಬೇಕು."

"ಊಟ ಆಗಲಿ ತಡೀರಿ. ಹುಗ್ಗಿ ಆರತೈತಿ."

ಸಾಹೇಬರು ಊಟಕ್ಕೆ ನಿಲ್ಲಲಿಲ್ಲ. ಗಜೇಂದ್ರಗಡದಲ್ಲಿ ಇನ್ನೊಂದು ಕಾರ್ಯಕ್ರಮವಿದೆಯೆಂದು ಹಾರ ಕೊರಳಲ್ಲಿರುವಾಗಲೇ ಗಾಡಿ ಹತ್ತಿದರು. ಗೋಧಿ ಹುಗ್ಗಿ ಉಂಡು, ಎಲೆಅಡಿಕೆ ಹಾಕಿಕೊಂಡು ಅರ್ಧ ಮಂದಿ ಚದುರಿದ ಮೇಲೆ ಅವಳ ಸರದಿ ಬಂತು. ಒಂದು ಮಾತೂ ತಪ್ಪಲಿಲ್ಲ. ಮುಚ್ಚಿದ ಬಾಗಿಲು, ಮಳೆ, ಕೂಸು ಎಲ್ಲವನ್ನೂ ಹೇಳಿದಳು. ಉಳಿದವರು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಕಣ್ಣೊರೆಸಿಕೊಂಡು ಅವಳಿಗೂ ಒಂದು ಶಾಲು ಹೊದಿಸಿದರು. ಆ ಶಾಲನ್ನು ಕಸಿದು ಎಸೆಯಬೇಕೆನಿಸಿತು ನನಗೆ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವಳ ಬಸ್ಸಿಗೆ ಕಾಯುತ್ತ ಕೂತೆವು. "ಭಾಳ ಚಲೋ ಮಾತಾಡಿದಿ ನೋಡವಾ" ಎಂದೆ.

"ಯಾರ ಮುಂದ ಮಾತಾಡಿದ್ನಿ ಅಕ್ಕಾರ? ಖಾಲಿ ಕುರ್ಚಿ ಮುಂದ." ಶಾಲನ್ನು ಮಡಚಿ ಚೀಲಕ್ಕೆ ತುರುಕುತ್ತ ಹೇಳಿದಳು: "ಶಾಲು ಹಾಕಿದಾಕಿನ್ನ ಸಾಹೇಬ್ರು ನಿಂದು ಯಾವೂರು ಅಂತ ಕೇಳಿದ್ರು. ನನ್ನ ಯಾರ್ ಕೇಳಿದ್ರು? ಮುಂದಿನ ಸಲ ನನ್ನ ಭಾಷಣಕ್ಕ ಹಾಕಬ್ಯಾಡ್ರಿ. ಶಾಲು ಹಾಕಾಕ ಕಳಸ್ರಿ. ನಿಮ್ಮದೊಂದು ಚಲೋ ಸೀರಿ ಅಷ್ಟ ಕೊಡ್ರಿ."

ಎದ್ದು ನಿಂತು ಕೇಳುವುದು ನಿನ್ನ ಹಕ್ಕು ಎಂದು ತಿಂಗಳುಗಟ್ಟಲೆ ಅವಳಿಗೆ ಹೇಳಿಕೊಟ್ಟವಳು ನಾನು. ಅಷ್ಟರಲ್ಲಿ ಅವಳ ಬಸ್ಸು ಬಂತು.

ಕೀಲಿಕೈ ಇನ್ನೂ ರೋಣದಲ್ಲೇ ಇದೆ. ಮಳೆಗಾಲ ಹತ್ತಿರ ಬಂದಿದೆ. ಬರುವ ವಾರ ನರಗುಂದದಲ್ಲಿ ನಮ್ಮದೇ ಮತ್ತೊಂದು ಸಮಾರಂಭ, ಅದೇ ಸಾಹೇಬರು. ಭಾಷಣ ಮಾಡುವವರಲ್ಲಿ ಅವಳನ್ನು ಸೇರಿಸಿಲ್ಲ. ನಿನ್ನೆ ನನ್ನ ಇಳಕಲ್ ಸೀರೆಯನ್ನು ಇಸ್ತ್ರಿಗೆ ಕೊಟ್ಟು ಬಂದೆ.