ಪಕ್ಕದ ಕುರ್ಚಿ

ಒಂಟಿಯಾಗಿ ಸಂಗೀತ ಕಚೇರಿಗೆ ಹೋದವನಿಗೆ ಮೊದಲು ಎದುರಾಗುವ ಸಮಸ್ಯೆ ಸಂಗೀತದ್ದಲ್ಲ, ಪಕ್ಕದ ಕುರ್ಚಿಯದು. ಕಳೆದ ಭಾನುವಾರ ಸಂಜೆ, ಮೈಸೂರಿನ ಜಾಜ್ ವಾದ್ಯವೃಂದವೊಂದು ಗತಿಸಿದ ರಚನಾಕಾರರ ನೆನಪಿಗೆ ಅವರ ಕೃತಿಗಳನ್ನು ನುಡಿಸಲಿದೆಯೆಂದು ಕೇಳಿ ಹುಣಸೂರಿನ ನಮ್ಮ ಸಭಾಭವನಕ್ಕೆ ಹೋದ ನಾನು, ಕೂತ ಕೂಡಲೇ ಅಭ್ಯಾಸಬಲದಿಂದ ಪಕ್ಕದ ಕುರ್ಚಿಯ ಮೇಲೆ ಕರವಸ್ತ್ರ ಹಾಸಿಬಿಟ್ಟೆ. ಅದು ಗೆಳೆಯ ಶಿವಣ್ಣನ ಜಾಗ. ಶಿವಣ್ಣ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

ನನಗೆ ಜಾಜ್‌ನ ಹುಚ್ಚು ಹತ್ತಿಸಿದವನೇ ಅವನು. ತನ್ನ ಔಷಧಿ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನ ಹಳೆಯ ಧ್ವನಿಮುದ್ರಿಕೆಗಳನ್ನು ಹಾಕಿ, ಜೊತೆಗೆ ತಾನೂ ಗುನುಗುತ್ತಿದ್ದ. ನಿನ್ನ ಜಾಜಿಗೆ ಘಮವೇ ಇಲ್ಲವಲ್ಲ ಎಂದು ಹಂಗಿಸಿದರೆ, "ಬುಡಪ್ಪ, ಇದ್ಕೆ ಮೂಗಲ್ಲ, ಕಿವಿ ಬೇಕು ಕಣ" ಎನ್ನುತ್ತಿದ್ದ. ವಾದ್ಯ ಬಾರದ, ವಾದ ಬಿಡದ ಇಬ್ಬರ ಕಚೇರಿ ಅದು.

"ಯಾರಾರ ಬತ್ತಾರಾ ಸಾ?"

ಊಟದ ಡಬ್ಬಿಯ ಚೀಲ ಹಿಡಿದ ಹೆಂಗಸೊಬ್ಬರು ಕುರ್ಚಿ ನೋಡುತ್ತ ನಿಂತಿದ್ದರು. ಇಲ್ಲವೆಂದು ಕರವಸ್ತ್ರ ತೆಗೆದೆ.

"ಅಂತರಸಂತೆಯಿಂದ ಬಂದೆ. ಅಗೋ, ಆ ಇತ್ತಾಳೆ ತುತ್ತೂರಿ ಇಡ್ಕಂಡವ್ಳಲ್ಲಾ, ನಮ್ ಉಡುಗಿ. ನಿಮ್ಮೋರು ಯಾರು ಸಾ?"

"ಯಾರೂ ಇಲ್ಲಮ್ಮ."

"ಅಂಗಾರೆ ನಮ್ಮೋಳ್ನೇ ನಿಮ್ಮೋಳು ಅನ್ಕಳಿ."

ನಡುವೆ ಶಿವಣ್ಣನ ಅಚ್ಚುಮೆಚ್ಚಿನ ಕೃತಿ ಬಂತು. ಅವನ ಗಂಟಲು ತಪ್ಪದೆ ತಪ್ಪುತ್ತಿದ್ದ ತಿರುವೊಂದು ಅದರಲ್ಲಿತ್ತು. ನಾನು ಅದಕ್ಕಾಗಿ ಕಾದೆ. ವಾದ್ಯವೃಂದ ಎಡವದೆ ದಾಟಿಹೋಯಿತು. ರಚನಾಕಾರರನ್ನು ನೆನೆಯಲು ಇಡೀ ವಾದ್ಯವೃಂದವೇ ಇದೆ. ಶಿವಣ್ಣನ ಅಪಸ್ವರವನ್ನು ನೆನೆಯಲು ಈ ಭವನದಲ್ಲಿ ನಾನೊಬ್ಬನೇ ಎನಿಸಿ, ಅಷ್ಟು ಸದ್ದಿನ ನಡುವೆಯೂ ಒಳಗೆಲ್ಲ ನಿಶ್ಶಬ್ದವಾಯಿತು.

ಆಗ ಆ ಹುಡುಗಿ ಒಬ್ಬಳೇ ನುಡಿಸಲು ಎದ್ದು ನಿಂತಳು. ತಾಯಿ ತಮಗರಿವಿಲ್ಲದೆ ನನ್ನ ಮಣಿಕಟ್ಟು ಹಿಡಿದರು. ಏರುಸ್ವರದಲ್ಲಿ ಹುಡುಗಿಯ ಉಸಿರು ಮುರಿಯಿತು. ತಡೆದು, ಉಸಿರೆಳೆದು, ಮತ್ತೆ ಅಲ್ಲಿಂದಲೇ ಹಿಡಿದು ಮುಗಿಸಿದಳು. ಸಭೆಯಲ್ಲಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಾನು. ಮುಂದಿನ ಸಾಲಿನವರು ತಿರುಗಿ ನೋಡಿದರು.

"ಉಡುಗೀದು ತಪ್ಪಾಯ್ತಾ ಸಾ?"

"ತಪ್ಪಾಯ್ತಮ್ಮ. ಬಹಳ ಚೆನ್ನಾಗಿತ್ತು."

ಕಾರ್ಯಕ್ರಮ ಮುಗಿದ ಮೇಲೆ ಬಸ್ ನಿಲ್ದಾಣದವರೆಗೆ ಮೂವರೂ ಜೊತೆಗೆ ನಡೆದೆವು. ತಾಯಿ ನನ್ನನ್ನು ತೋರಿಸಿ, "ಇವ್ರು ನಿನ್ನ ಕೇಳಕ್ಕೇ ಬಂದಿದ್ರು ಕಣವ್ವ" ಎಂದರು. ಹುಡುಗಿ ನಾಚಿ ಕೈಮುಗಿದಳು. ನಾನು ತಿದ್ದಲು ಹೋಗಲಿಲ್ಲ. ಅವರ ಬಸ್ಸು ಅಂತರಸಂತೆಯ ರಸ್ತೆಗೆ ತಿರುಗುವವರೆಗೂ, ಮಗಳನ್ನು ಕಳಿಸಿಕೊಡಲು ಬಂದ ಮನೆಯ ಹಿರಿಯನ ಹಾಗೆ, ಅಲ್ಲೇ ನಿಂತಿದ್ದೆ.